ರೇವಾ (ವಿದ್ಯುತ್ ಕಾರು)

ಬೆಂಗಳೂರಿನಲ್ಲಿ ತಯಾರಾದ ಪುಟ್ಟ ಬ್ಯಾಟರಿ ಕಾರು. ಭಾರತದಲ್ಲಿ ವಿದ್ಯುತ್ ಕಾರು ಕಂಪನಿಯೊಂದು ಹಳೆಯ ವಾಹನ ಸಂಸ್ಥೆಯ ಜೊತೆ ಕೈಜೋಡಿಸಿದ ಆರಂಭದ ನಿದರ್ಶನಗಳಲ್ಲೊಂದು ಇದರದು. 1994ರಲ್ಲಿ ಬೆಂಗಳೂರಿನ ಮೈನಿ ಸಮೂಹ ಮತ್ತು ಅಮೆರಿಕದ ಅಮೆರಿಗಾನ್ ಸಂಸ್ಥೆ ಸೇರಿ ರೇವಾ ಕಂಪನಿಯನ್ನು ಕಟ್ಟಿದವು. ಇದರ ರೂವಾರಿ ಚೇತನ್ ಮೈನಿ. ಸೀಸ-ಆಮ್ಲ ಬ್ಯಾಟರಿಯ ಎರಡು ಬಾಗಿಲಿನ ಈ ಕಾರು 2001ರಲ್ಲಿ ಮಾರಾಟಕ್ಕೆ ಬಂತು. ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಿತು. ಅಲ್ಲಿನ ಸಂಚಾರ ದಟ್ಟಣೆ ಶುಲ್ಕದ ವಿನಾಯಿತಿ ಅದರ ಜನಪ್ರಿಯತೆಗೆ ಕಾರಣಗಳಲ್ಲೊಂದು.

ರೇವಾ ಕಂಪನಿಗೆ ತಂತ್ರಜ್ಞಾನವಿತ್ತು, ಆದರೆ ದೊಡ್ಡ ಬಂಡವಾಳವಾಗಲಿ ದೇಶವ್ಯಾಪಿ ಮಾರಾಟ ಜಾಲವಾಗಲಿ ಇರಲಿಲ್ಲ. ಸಹಭಾಗಿತ್ವ ಅನಿವಾರ್ಯವಾದದ್ದು ಇದರಿಂದಲೇ. 2009ರಲ್ಲಿ ಜನರಲ್ ಮೋಟಾರ್ಸ್ ಇಂಡಿಯಾ ಜೊತೆ ವಿದ್ಯುತ್ ‘ಸ್ಪಾರ್ಕ್’ ಕಾರಿನ ಯೋಜನೆ ಘೋಷಣೆಯಾಯಿತು. 2010ರ ಮೇ ತಿಂಗಳಲ್ಲಿ ಮಹೀಂದ್ರ ಅಂಡ್ ಮಹೀಂದ್ರ ರೇವಾದ ಶೇ 55.2ರಷ್ಟು ಪಾಲು ಕೊಂಡಿತು. ಪ್ರತಿಸ್ಪರ್ಧಿಯ ಒಡೆತನಕ್ಕೆ ಹೋದ ಕಂಪನಿಯಿಂದ ಜನರಲ್ ಮೋಟಾರ್ಸ್ ದೂರ ಸರಿಯಿತು. ಹೀಗೆ ಪಾಲುದಾರಿಕೆಗಿಂತ ಸ್ವಾಧೀನವೇ ಗಟ್ಟಿಯಾಯಿತು.

ಹೊಸ ಒಡೆತನದಲ್ಲಿ 2013ರಲ್ಲಿ ‘ಇ2ಒ’ ಕಾರು ಬಂತು. ಮಾರಾಟ ನಿರೀಕ್ಷೆ ಮುಟ್ಟದಿದ್ದರೂ ಬೆಂಗಳೂರಿನ ಎಂಜಿನಿಯರುಗಳ ಪರಿಣತಿ ವ್ಯರ್ಥವಾಗಲಿಲ್ಲ. ಮಹೀಂದ್ರದ ವಿದ್ಯುತ್ ವಾಹನಗಳಿಗೆ ಅಡಿಪಾಯ ಹಾಕಿದ್ದು ಅದೇ. 2016ರಲ್ಲಿ ಸಂಸ್ಥೆ ‘ಮಹೀಂದ್ರ ಎಲೆಕ್ಟ್ರಿಕ್’ ಎಂಬ ಹೆಸರು ಪಡೆಯಿತು; ‘ರೇವಾ’ ಎಂಬ ಹೆಸರು ಬಿಟ್ಟುಹೋಯಿತು.