ಗೇಜ್ ತಿದ್ದಿದ ಪುಟಾಣಿ ಉಗಿಬಂಡಿ

ಎಮ್ಮಿಗನೂರಿನವರು ರೈಲು ಹತ್ತಬೇಕೆಂದರೆ ಆದೋನಿಗೋ ಮಂತ್ರಾಲಯಂ ರೋಡಿಗೋ ಹೋಗಬೇಕು. 1871ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿ.ಐ.ಪಿ.) ರೈಲ್ವೆ ಮತ್ತು ಮದ್ರಾಸ್ ರೈಲ್ವೆ ರಾಯಚೂರಿನಲ್ಲಿ ಕೂಡಿದ ಮೇಲೆ ಆದೋನಿ ಮುಂಬಯಿ–ಮದ್ರಾಸ್ ದಾರಿಯ ಊರಾಯಿತು. ಅದು ಬ್ರಾಡ್‌ಗೇಜ್, ಹಳಿಗಳ ನಡುವೆ 1676 ಮಿಲಿಮೀಟರ್. ಮುಂದೆ ಗುಂತಕಲ್ಲಿನಲ್ಲಿ ಇಳಿದು ಬಳ್ಳಾರಿ, ಗದಗ, ಹುಬ್ಬಳ್ಳಿ ಕಡೆ ತಿರುಗಿದವರಿಗೆ ದಶಕಗಳ ಕಾಲ ಸಿಗುತ್ತಿದ್ದುದು ಮೀಟರ್‌ಗೇಜ್ ಗಾಡಿ. ಈ ಸೀಮೆಯ ಉಗಿಬಂಡಿಗಳನ್ನು ಮೇಜಿನ ಮೇಲೆ ಓಡಿಸಲು ಹೊರಟವರಿಗೂ ಮೊದಲ ತಕರಾರು ಗೇಜಿನದೇ.

ಅದರ ಮೂಲ ಇಂಗ್ಲೆಂಡಿನಲ್ಲಿದೆ. 1920ರ ದಶಕದಲ್ಲಿ ಮೇಜಿನ ಮೇಲೆ ಓಡುವ ಸಣ್ಣ ರೈಲುಗಳು ಬಂದಾಗ ಹಳಿಯ ಅಂತರ 16.5 ಮಿ.ಮೀ. ಎಂದಾಯಿತು. ಆ ಅಂತರಕ್ಕೆ ಸರಿಹೊಂದುವ ಅಳತೆ ಒಂದು ಅಡಿಗೆ 3.5 ಮಿ.ಮೀ., ಅಂದರೆ ಎಚ್‌ಓ. ಆದರೆ ಬ್ರಿಟಿಷ್ ಇಂಜಿನುಗಳ ಮೈ ಕಿರಿದು, ಆ ಕಾಲದ ಮೋಟಾರು ಅದರೊಳಗೆ ಹಿಡಿಸಲಿಲ್ಲ. ತಯಾರಕರು ಮೈಯನ್ನು ಅಡಿಗೆ 4 ಮಿ.ಮೀ.ಗೆ ಹಿಗ್ಗಿಸಿ ಹಳಿಯನ್ನು ಹಾಗೇ ಬಿಟ್ಟರು. ಇದೇ ಓಓ. 1938ರ ಹಾರ್ನ್‌ಬಿ ಡಬ್ಲೋ ಆಟಿಕೆ ರೈಲು ಇದನ್ನು ಮನೆಮನೆಗೆ ಮುಟ್ಟಿಸಿತು. ಆ ಅಳತೆಗೆ ಹಳಿಯ ಅಂತರ 18.83 ಮಿ.ಮೀ. ಇರಬೇಕಾದಲ್ಲಿ 16.5 ಇತ್ತು. ಮುಂದಿನಿಂದ ನೋಡಿದರೆ ಇಂಜಿನು ಕಾಲು ಕೂಡಿಸಿ ನಿಂತಂತೆ ಕಾಣುತ್ತಿತ್ತು.

ಇದನ್ನು ಸಹಿಸದವರು 18 ಮಿ.ಮೀ. ಹಳಿ ಹಾಕಿಕೊಂಡರು. ಇಎಂ ಎಂದು ಕರೆದ ಆ ಗೇಜನ್ನು ಆಮೇಲೆ 18.2ಕ್ಕೆ ತಿದ್ದಿದರು. 1955ರಲ್ಲಿ ಅವರ ಸಂಘವೂ ಹುಟ್ಟಿತು. 1966ರಲ್ಲಿ ಬಂದ ಪ್ರೋಟೋಫೋರ್, ಅಂದರೆ ಪಿ4, ರಾಜಿಯನ್ನೇ ಒಪ್ಪಲಿಲ್ಲ: ಗೇಜ್ 18.83, ಗಾಲಿಯ ಅಂಚು ಅರ್ಧ ಮಿಲಿಮೀಟರಿಗೂ ಕಡಿಮೆ. ನನ್ನ ಮಟ್ಟಿಗೆ ದೊಡ್ಡ ಹೆಜ್ಜೆ ಗೇಜಿನದಲ್ಲ, ಈ ಅಂಚಿನದು. ಅಷ್ಟು ತೆಳ್ಳನೆಯ ಅಂಚು ಹಳಿ ಬಿಡದೆ ಓಡಬೇಕಾದರೆ ಪ್ರತಿ ಗಾಲಿಯೂ ಹಳಿಯನ್ನು ಒತ್ತಿಕೊಂಡಿರಬೇಕು. ಹಾಗಾಗಿ ಪುಟ್ಟ ಇಂಜಿನಿಗೂ ಸ್ಪ್ರಿಂಗು ಬಂತು, ಒಂದು ಗಾಲಿ ಏರಿದರೆ ಇನ್ನೊಂದು ಇಳಿಯುವ ತೊಲೆ ಬಂತು.

ಡಬ್ಬಿಯಿಂದ ತೆಗೆದ ಓಓ ಇಂಜಿನನ್ನು ಹೊಸ ಗೇಜಿಗೆ ಏರಿಸುವುದು ಗಾಲಿ ಎಳೆದು ದೂರ ಮಾಡಿದಷ್ಟಕ್ಕೆ ಮುಗಿಯದು. ಎಮ್ಮಿಗನೂರಿನ ಮಗ್ಗದವರಿಗೆ ಇದು ಬೇಗ ತಿಳಿದೀತು: ಹಣಿಗೆ ಬದಲಿಸಿದರೆ ಹಾಸಿನ ಲೆಕ್ಕವೆಲ್ಲ ಬದಲಾಗುತ್ತದೆ. ಗಾಲಿ ಹೊರಗೆ ಸರಿದರೆ ಹೊರಬದಿಯ ಸಿಲಿಂಡರಿನ ಸರಳುಗಳಿಗೆ ತಾಗುತ್ತದೆ. ಅದಕ್ಕೆ ತೆಳ್ಳನೆಯ ಗಾಲಿ ಬೇಕು, ಉದ್ದನೆಯ ಅಚ್ಚು ಬೇಕು. ಒಳಗಿನ ಚೌಕಟ್ಟು ಕಿರಿದಾಗಿಯೇ ಉಳಿದರೆ ಗಾಲಿ ಅತ್ತಿತ್ತ ಓಲಾಡುತ್ತದೆ, ಹಾಗಾಗಿ ಪಟ್ಟು ಹಿಡಿದವರು ಹಿತ್ತಾಳೆ ತಗಡಿನಲ್ಲಿ ಹೊಸ ಚೌಕಟ್ಟನ್ನೇ ಕತ್ತರಿಸಿಕೊಳ್ಳುತ್ತಾರೆ. ಒಂದೇ ಅಚ್ಚಿನ ಎರಡು ಗಾಲಿಗಳ ಕ್ರ್ಯಾಂಕ್ ಮೊಳೆಗಳ ನಡುವೆ 90 ಡಿಗ್ರಿ ಕೋನವಿರಬೇಕು, ಎಲ್ಲ ಅಚ್ಚಿನಲ್ಲೂ ಅದು ಒಂದೇ ಆಗಿರಬೇಕು. ಕೂದಲೆಳೆಯಷ್ಟು ತಪ್ಪಿದರೂ ಇಂಜಿನು ಕುಂಟುತ್ತದೆ. ಹೆಚ್ಚಿನವರು ಕೈಚೆಲ್ಲುವುದು ಇಲ್ಲೇ.

ಇನ್ನು ನಮ್ಮ ಲೆಕ್ಕ. ಆದೋನಿ ದಾರಿಯಂಥ ಬ್ರಾಡ್‌ಗೇಜಿಗೆಂದೇ ರೂಪುಗೊಂಡು 1947ರಲ್ಲಿ ಬಂದ ಡಬ್ಲ್ಯೂಪಿ, ಆ ಗುಂಡುಮೂತಿಯ ಇಂಜಿನು, 4 ಮಿ.ಮೀ. ಅಳತೆಯಲ್ಲಿ ಸರಿಯಾಗಿ ನಿಲ್ಲಲು 22 ಮಿ.ಮೀ. ಹಳಿ ಬೇಕು. ಅದನ್ನು 16.5ರ ಮೇಲಿಟ್ಟರೆ ಕಾಲುಭಾಗವೇ ಕಡಿಮೆ. ಬ್ರಿಟಿಷರು 2.3 ಮಿ.ಮೀ. ಕೊರತೆಗೆ ಅಷ್ಟೊಂದು ಜಗಳಾಡಿದರು, ನಮ್ಮದು 5.5! ಎಚ್‌ಓದಲ್ಲಿ ಮಾಡಿದರೂ 19.25 ಬೇಕು. ಭಾರತದ ಬ್ರಾಡ್‌ಗೇಜ್ ಮಾದರಿಗಳು ಹೆಚ್ಚಾಗಿ 16.5ರ ಮೇಲೇ ಓಡುತ್ತಿವೆ, ಯಾಕೆಂದರೆ ಅಂಗಡಿಯಲ್ಲಿ ಸಿಗುವ ಹಳಿ ಅದೇ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ಅದನ್ನು ಬ್ರಾಡ್‌ಗೇಜ್ ಅನ್ನಲು ನನ್ನ ಬಾಯಿ ಬರದು.

ಗುಂತಕಲ್ಲಿನ ಇನ್ನೊಂದು ಮಗ್ಗುಲು ಸುಲಭ. ಜಮ್‌ಶೆಡ್‌ಪುರದ ಟೆಲ್ಕೊದಲ್ಲಿ ತಯಾರಾದ ಮೀಟರ್‌ಗೇಜಿನ ವೈಪಿ ಇಂಜಿನಿಗೆ ಎಚ್‌ಓದಲ್ಲಿ ಬೇಕಾದದ್ದು 11.5 ಮಿ.ಮೀ., ಸಿಗುವುದು 12. ಸ್ವಿಟ್ಜರ್ಲೆಂಡಿನ ಮೀಟರ್‌ಗೇಜ್ ಮಾದರಿಗಳಿಂದಾಗಿ ಆ ಹಳಿ, ಆ ಗಾಲಿ ಎರಡೂ ಮಾರುಕಟ್ಟೆಯಲ್ಲಿವೆ. 1992ರ ಯೂನಿಗೇಜ್ ಯೋಜನೆ ಮೀಟರ್‌ಗೇಜನ್ನು ಬಹುಪಾಲು ನೆಲದಿಂದ ಕಿತ್ತಿತು, ಮೇಜಿನ ಮೇಲೆ ಮಾತ್ರ ಬ್ರಾಡ್‌ಗೇಜಿಗಿಂತ ಅದೇ ನಿಜಕ್ಕೆ ಹತ್ತಿರ. ಹೊಸದಾಗಿ ಕೈಹಾಕುವವರು ವೈಪಿಯಿಂದ ಆರಂಭಿಸಲಿ. ಡಬ್ಲ್ಯೂಪಿಯೇ ಬೇಕೆನ್ನುವವರು ಮೊದಲೇ 22 ಮಿ.ಮೀ. ಹಳಿ ಹಾಕಿ, ಆಮೇಲೆ ಇಂಜಿನಿಗೆ ಕೈಹಚ್ಚಲಿ.