ಬಯಲಿಗೂ ಬದು ಇತ್ತು

ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ‘ಬಯಲು’ ಎಂಬ ಮಾತು ಒಂಟಿಯಾಗಿ ಬರುತ್ತಿರಲಿಲ್ಲ. ‘ಬಯಲಕಡೆ’ ಎಂದೇ ಬರುತ್ತಿತ್ತು. ಅದೂ ದನಿ ತಗ್ಗಿಸಿ, ಕೈಯಲ್ಲಿ ತಂಬಿಗೆ ಹಿಡಿದಾಗ. ಹಾಗಾಗಿ ಕಾಲೇಜಿನಲ್ಲಿ ಅಲ್ಲಮಪ್ರಭುವಿನ ಬಯಲಿಗೆ ‘ಎಲ್ಲೆಯಿಲ್ಲದ್ದು, ಶೂನ್ಯ’ ಎಂದು ಅರ್ಥ ಬರೆಸಿದಾಗ ಹಿಂದಿನ ಬೆಂಚಿನ ನಾವು ಮುಸಿಮುಸಿ ನಕ್ಕಿದ್ದೆವು. ನಕ್ಕದ್ದು ತಪ್ಪೇನಲ್ಲ ಎಂದು ಈಗ ಅನಿಸುತ್ತದೆ. ಎರಡೂ ಒಂದೇ ಪದ ತಾನೆ?

ತಮಿಳಿನಲ್ಲಿ ‘ವಯಲ್’ ಎಂದರೆ ಭತ್ತದ ಗದ್ದೆ. ಪದದ ಮೊದಲ ವಕಾರ ಕನ್ನಡದಲ್ಲಿ ಬಕಾರವಾಗುವುದು ರೂಢಿ: ವಾಯ್ ಬಾಯಿಯಾಯಿತು, ವೇರ್ ಬೇರಾಯಿತು, ವಯಲ್ ಬಯಲಾಯಿತು. ನಮ್ಮ ಕರಾವಳಿಯಲ್ಲಿ ‘ಬೈಲು’ ಇಂದಿಗೂ ಗದ್ದೆಯೇ. ಅಂದರೆ, ಎಲ್ಲೆಯಿಲ್ಲದ್ದಕ್ಕೆ ಹೆಸರಾದ ಈ ಪದಕ್ಕೆ ನೆಂಟರ ಮನೆಯಲ್ಲಿ ನಾಲ್ಕೂ ಕಡೆ ಬದುವಿದೆ! ಆ ಬದು ಕಳಚಿದ್ದೆಲ್ಲಿ? ಹುಬ್ಬಳ್ಳಿ ದಾಟಿ ನವಲಗುಂದದ ದಾರಿ ಹಿಡಿದರೆ ಎರೆಹೊಲ ಆಕಾಶಕ್ಕೆ ಹೋಗಿ ಮುಟ್ಟುತ್ತದೆ. ಇಂಥ ನೆಲದಲ್ಲೇ ಪದ ಹಿಗ್ಗಿರಬೇಕು ಎಂಬುದು ನನ್ನ ಊಹೆ. ತಮಾಷೆಯೆಂದರೆ, ಈ ನಾಡನ್ನು ನಾವು ಕರೆಯುವುದು ‘ಬಯಲುಸೀಮೆ’ ಎಂದು. ಸೀಮೆ ಎಂದರೆ ಎಲ್ಲೆ.

12ನೆಯ ಶತಮಾನದ ಶರಣರಿಗೆ ಸಂಸ್ಕೃತದ ‘ಅನಂತ’ ಗೊತ್ತಿರಲಿಲ್ಲವೆಂದಲ್ಲ. ಆದರೂ ನೆಲದ ಈ ಪದವನ್ನು ಎತ್ತಿಕೊಂಡರು. ಬಯಲನ್ನು ಅಷ್ಟೊಂದು ನುಡಿದ ಅಲ್ಲಮನ ಅಂಕಿತವೋ ಗುಹೇಶ್ವರ, ಗುಹೆಯ ಒಡೆಯ. ‘ಶೂನ್ಯ’ ಎಂದು ಬರೆಸಿ ಮುಂದೆ ಹೋದರೆ ಗುಹೆಗೂ ಬಯಲಿಗೂ ನಡುವಿನ ಆ ಗಾಳಿ ಬೆಳಕು ಸಿಗುವುದಿಲ್ಲ. ಶೂನ್ಯದಲ್ಲಿ ಏನೂ ನಡೆಯದು. ಬಯಲಿನಲ್ಲಿ ರಾತ್ರಿಯಿಡೀ ದೊಡ್ಡಾಟ ನಡೆಯುತ್ತದೆ, ಮುಚ್ಚಿಟ್ಟದ್ದು ಬಯಲಾಗುತ್ತದೆ.

ಪದ ಇನ್ನೂ ಜೀವಂತವಾಗಿದೆ. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ ತಮ್ಮ ದೇಹವನ್ನು ಹೂಳದೆ ಅಗ್ನಿಗೆ ಕೊಡಬೇಕು, ಸ್ಮಾರಕ ಕಟ್ಟಬಾರದು ಎಂದು ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಹಲವರು ‘ಬಯಲಾದರು’ ಎಂದರು. ಗದ್ದುಗೆಯ ಗೋಡೆಯೂ ಬೇಡವೆಂದವರಿಗೆ ಅದಕ್ಕಿಂತ ಒಪ್ಪುವ ಕ್ರಿಯಾಪದ ಕನ್ನಡದಲ್ಲಿಲ್ಲ.

ಆದರೆ ಬಯಲಾಗುವುದು ಎಲ್ಲರಿಗೂ ಬಿಡುಗಡೆಯಲ್ಲ. ಒಮ್ಮೆ ಅಜ್ಜಿಗೆ ಅಲ್ಲಮನ ಬಯಲನ್ನು ವಿವರಿಸಹೋದೆ. ಪೂರ್ತಿ ಕೇಳಿಸಿಕೊಂಡು ಅಂದಳು: “ನಮಗ ಬಯಲು ಅಂದ್ರ ಕತ್ತಲಿರೋತನಕ ಅಷ್ಟವಾ. ಬೆಳಕ ಹರೀತಂದ್ರ ಅದು ಗಂಡಸರದು.”

ಹಿತ್ತಲಲ್ಲಿ ಪಾಯಖಾನೆ ಕಟ್ಟಿ ಮುಗಿದ ದಿನ ಅಜ್ಜಿ ಒಳಗೆ ಹೋಗಿ, ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿದ್ದು ನನಗೆ ನೆನಪಿದೆ.