ಸೂಪರ್‌ಚಾರ್ಜರ್ ಪುಲ್ಲಿ

ಸೂಪರ್‌ಚಾರ್ಜರ್ ಪುಲ್ಲಿ: ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ತಿರುಗುವಾಗ ಬೆಲ್ಟ್ ಮೂಲಕ ಬರುವ ಬಲವನ್ನು ಸೂಪರ್‌ಚಾರ್ಜರಿಗೆ ದಾಟಿಸುವ ಗಾಲಿ. ಸೂಪರ್‌ಚಾರ್ಜರ್ ಎಂದರೆ ಎಂಜಿನ್ ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಪಂಪು. ಟರ್ಬೊ ಹೊಗೆಯ ರಭಸದಿಂದ ತಿರುಗಿದರೆ ಇದು ಬೆಲ್ಟಿನಿಂದ ತಿರುಗುತ್ತದೆ. ಹಾಗಾಗಿ ಎಂಜಿನ್ನಿನ ಒಂದು ಸುತ್ತಿಗೆ ಅದು ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನು ನಿರ್ಧರಿಸುವುದು ಎರಡು ಪುಲ್ಲಿಗಳ ವ್ಯಾಸ ಮಾತ್ರ: ಕೆಳಗೆ ಕ್ರ್ಯಾಂಕ್ ಶಾಫ್ಟಿನದು, ಮೇಲೆ ಸೂಪರ್‌ಚಾರ್ಜರಿನದು. ಮೇಲಿನ ಪುಲ್ಲಿಯನ್ನು ಚಿಕ್ಕದು ಮಾಡಿದರೆ ಪಂಪು ಜೋರಾಗಿ ತಿರುಗುತ್ತದೆ, ಒಳಗೆ ಹೋಗುವ ಗಾಳಿಯ ಒತ್ತಡ (ಬೂಸ್ಟ್) ಏರುತ್ತದೆ. ಕಾರಿನ ಶಕ್ತಿ ಹೆಚ್ಚಿಸುವ ಮಾರ್ಗಗಳಲ್ಲಿ ಕೊಟ್ಟ ಹಣಕ್ಕೆ ಇಷ್ಟು ಫಲ ಕೊಡುವವು ಕಡಿಮೆ. ಇಷ್ಟು ಸುಲಭವಾಗಿ ಎಂಜಿನ್ ಕೆಡಿಸುವ ಮಾರ್ಗಗಳೂ ಹೆಚ್ಚಿಲ್ಲ.

ಹಿನ್ನೆಲೆ

ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್‌ನ ಫಿಲಾಂಡರ್ ಮತ್ತು ಫ್ರಾನ್ಸಿಸ್ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಊದುಯಂತ್ರ ಮೊದಲು ಕೆಲಸಕ್ಕೆ ಬಂದದ್ದು ಕುಲುಮೆ, ಗಣಿಗಳಲ್ಲಿ. ಅದೇ ವಿನ್ಯಾಸ ಮುಂದೆ ಕಾರಿಗೆ ಬಂತು. 1921ರ ಬರ್ಲಿನ್ ಮೋಟಾರು ಪ್ರದರ್ಶನದಲ್ಲಿ ಮರ್ಸಿಡಿಸ್ ಸೂಪರ್‌ಚಾರ್ಜರ್ ಇರುವ ಕಾರುಗಳನ್ನು ಮಾರಾಟಕ್ಕೆಂದೇ ತೋರಿಸಿತು. 1930ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ಲಿಶೋಲ್ಮ್ ಜೋಡಿ ತಿರುಪಿನ (ಟ್ವಿನ್ ಸ್ಕ್ರೂ) ಬಗೆಯನ್ನು ರೂಪಿಸಿದ. 1989ರ ಫೋರ್ಡ್ ಥಂಡರ್‌ಬರ್ಡ್ ಸೂಪರ್ ಕೂಪ್ ಈಟನ್ ಕಂಪನಿಯ ಎಂ90 ಯಂತ್ರ ಹೊತ್ತು ಬಂದ ಮೇಲೆ ಸಾಮಾನ್ಯ ಖರೀದಿದಾರರ ಕೈಗೂ ಸೂಪರ್‌ಚಾರ್ಜರ್ ಸಿಕ್ಕಿತು. ಎಂ45, ಎಂ62, ಎಂ90, ಎಂ112 ಎಂಬ ಹೆಸರುಗಳಲ್ಲಿರುವ ಅಂಕಿ, ಯಂತ್ರ ಒಂದು ಸುತ್ತಿಗೆ ಎಷ್ಟು ಘನ ಅಂಗುಲ ಗಾಳಿ ತಳ್ಳುತ್ತದೆ ಎಂಬುದರ ಲೆಕ್ಕ. ಎಂ45 ತಳ್ಳುವುದು ಸುಮಾರು ಮುಕ್ಕಾಲು ಲೀಟರ್.

ಪುಲ್ಲಿ ಬದಲಿಸುವ ಚಾಳಿಗೆ ಹೆಸರಾದ ಚಿಕ್ಕ ಕಾರು 2002ರಿಂದ 2006ರವರೆಗಿನ ಮಿನಿ ಕೂಪರ್ ಎಸ್. ಇದರ ಒಳಸಂಕೇತ ಆರ್53. ಬ್ರೆಜಿಲ್‌ನ ಕಾಂಪೊ ಲಾರ್ಗೊದಲ್ಲಿ ಕ್ರೈಸ್ಲರ್ ಮತ್ತು ಬಿಎಂಡಬ್ಲ್ಯು ಜಂಟಿಯಾಗಿ ಕಟ್ಟಿದ ಟ್ರೈಟೆಕ್ ಕಾರ್ಖಾನೆಯ 1.6 ಲೀಟರ್ ಎಂಜಿನ್, ಅದರ ಮೇಲೆ ಈಟನ್ ಎಂ45. ಮೊದಲು 163, 2004ರ ಪರಿಷ್ಕರಣೆಯ ನಂತರ 170 ಅಶ್ವಶಕ್ತಿ. ಇದೇ ಕಾರಿಗೆ ಜಾನ್ ಕೂಪರ್ ವರ್ಕ್ಸ್ ಹೆಸರಿನಲ್ಲಿ 200, ಆಮೇಲೆ 210 ಅಶ್ವಶಕ್ತಿಯ ಕಿಟ್ ಬಂತು. ಅದರಲ್ಲಿ ಚಿಕ್ಕ ಪುಲ್ಲಿಯೂ ಇತ್ತು. ಆದರೆ ಅದರ ಜೊತೆಗೆ ಬೇರೆ ಸೂಪರ್‌ಚಾರ್ಜರ್, ಮಾರ್ಪಡಿಸಿದ ಸಿಲಿಂಡರ್ ಹೆಡ್, ಹೊಸ ಸೈಲೆನ್ಸರ್, ಹೊಸ ಸಾಫ್ಟ್‌ವೇರ್ ಇದ್ದವು. ಕಂಪನಿಯೇ ಪುಲ್ಲಿಯೊಂದನ್ನು ಬದಲಿಸಿ ಕೈತೊಳೆದುಕೊಳ್ಳಲಿಲ್ಲ ಎನ್ನುವುದು ಗಮನಿಸಬೇಕಾದ ಸಂಗತಿ.

ಶೇಕಡಾ ಲೆಕ್ಕ

ಆರ್53ಗೆ ಅಂಗಡಿಯಲ್ಲಿ ಸಿಗುವ ಪುಲ್ಲಿಗಳನ್ನು ಶೇ. 15, ಶೇ. 17, ಶೇ. 19 ಎಂದು ಕರೆಯುತ್ತಾರೆ. ಇದು ವ್ಯಾಸದಲ್ಲಿ ಆಗುವ ಇಳಿಕೆ. ವೇಗದ ಏರಿಕೆಯೂ ಅಷ್ಟೇ ಎಂದು ಬಹಳ ಮಂದಿ ತಿಳಿದಿರುತ್ತಾರೆ, ಅದು ತಪ್ಪು. ವ್ಯಾಸ ಶೇ. 15 ಕುಗ್ಗಿದರೆ ವೇಗ ಶೇ. 17.6 ಏರುತ್ತದೆ. ಶೇ. 17ಕ್ಕೆ 20.5, ಶೇ. 19ಕ್ಕೆ 23.5. ಅಮೆರಿಕದ ಕಾರುಗಳಿಗೆ ಶೇಕಡಾ ಬದಲು ಅಂಗುಲದಲ್ಲೇ ಹೇಳುವ ರೂಢಿ. ಪಾಂಟಿಯಾಕ್ ಗ್ರಾಂಡ್ ಪ್ರಿಯ 3.8 ಲೀಟರ್ ಎಂಜಿನ್ನಿನಲ್ಲಿ 3.8 ಅಂಗುಲದ ಪುಲ್ಲಿ ತೆಗೆದು 3.4 ಅಂಗುಲದ್ದು ಹಾಕುತ್ತಿದ್ದರು. ವೇಗ ಸುಮಾರು ಶೇ. 12 ಹೆಚ್ಚುತ್ತಿತ್ತು.

ಆಯ್ಕೆಗೆ ಮುನ್ನ ಮಾಡಬೇಕಾದ ಮೊದಲ ಲೆಕ್ಕ ಸೂಪರ್‌ಚಾರ್ಜರಿನ ಗರಿಷ್ಠ ವೇಗದ್ದು. ಡಾಜ್ ಚಾಲೆಂಜರ್ ಹೆಲ್‌ಕ್ಯಾಟ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಪುಲ್ಲಿ ಅನುಪಾತ 2.36. ಎಂಜಿನ್ 6,200 ಸುತ್ತು ಮುಟ್ಟಿದಾಗ ಸೂಪರ್‌ಚಾರ್ಜರ್ ನಿಮಿಷಕ್ಕೆ ಸುಮಾರು 14,600 ಸುತ್ತು ತಿರುಗುತ್ತದೆ. ಇಲ್ಲಿ ವ್ಯಾಸವನ್ನು ಶೇ. 10 ಇಳಿಸಿದರೆ ಅದು 16,000 ದಾಟುತ್ತದೆ. ಯಂತ್ರ ತಯಾರಕರು ಹೇಳಿದ ಮಿತಿಯನ್ನು ನೋಡದೆ ಪುಲ್ಲಿ ಕೊಳ್ಳುವವರು ಬೇರಿಂಗಿನ ಆಯಸ್ಸನ್ನು ಅಡವಿಟ್ಟಂತೆ. ಇನ್ನೊಂದು ಮಾತು: ಸೂಪರ್‌ಚಾರ್ಜರ್ ಪುಕ್ಕಟೆ ತಿರುಗುವುದಿಲ್ಲ. 707 ಅಶ್ವಶಕ್ತಿಯ ಹೆಲ್‌ಕ್ಯಾಟ್‌ನಲ್ಲಿ ಅದನ್ನು ಪೂರ್ಣ ವೇಗದಲ್ಲಿ ತಿರುಗಿಸುವುದಕ್ಕೇ 80 ಅಶ್ವಶಕ್ತಿಯಷ್ಟು ವೆಚ್ಚವಾಗುತ್ತದೆ. ಪುಲ್ಲಿ ಚಿಕ್ಕದಾದಷ್ಟೂ ಈ ತೆರಿಗೆ ಏರುತ್ತದೆ.

ಬಿಸಿಗಾಳಿಯ ಸಮಸ್ಯೆ

ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ತುದಿ ಬಿಸಿಯಾಗುವುದು ಗೊತ್ತು. ಇಲ್ಲಿ ನಡೆಯುವುದೂ ಅದೇ, ಪ್ರಮಾಣ ಮಾತ್ರ ಬೇರೆ. 30 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು 0.8 ಬಾರ್ ಬೂಸ್ಟಿಗೆ ಒತ್ತಿದರೆ, ಯಂತ್ರದಲ್ಲಿ ಯಾವ ನಷ್ಟವೂ ಇಲ್ಲ ಎಂದಿಟ್ಟುಕೊಂಡರೂ ಅದು 85 ಡಿಗ್ರಿಗೆ ಏರುತ್ತದೆ. ರೂಟ್ಸ್ ಬಗೆಯ ದಕ್ಷತೆ ಶೇ. 60ರಷ್ಟು ಎಂದು ಹಿಡಿದರೆ ಹೊರಬರುವ ಗಾಳಿ 120 ಡಿಗ್ರಿಯ ಆಸುಪಾಸಿನದು. ಬೂಸ್ಟ್ 1 ಬಾರ್ ಆಗಿ, ವೇಗ ಹೆಚ್ಚಿದ ಕಾರಣಕ್ಕೆ ದಕ್ಷತೆ ಶೇ. 55ಕ್ಕೆ ಕುಸಿದರೆ 150 ಡಿಗ್ರಿ. ಅಂದರೆ ಒತ್ತಡಮಾಪಕದ ಮುಳ್ಳು ಮೇಲೇರಿತೆಂದು ಹಿಗ್ಗುವ ಹಾಗಿಲ್ಲ. ಬಿಸಿಗಾಳಿಯಲ್ಲಿ ಆಮ್ಲಜನಕ ವಿರಳ, ಜೊತೆಗೆ ಪೆಟ್ರೋಲ್ ಹೊತ್ತಿಗೆ ಮುಂಚೆ ಸಿಡಿಯುವ ನಾಕಿಂಗ್ ಸಮೀಪವಾಗುತ್ತದೆ. ಆಗ ಎಂಜಿನ್ ಕಂಪ್ಯೂಟರ್ ಕಿಡಿಯ ಕಾಲವನ್ನು ಹಿಂದೆ ಸರಿಸುತ್ತದೆ. ಗಳಿಸಿದ ಶಕ್ತಿ ಅಲ್ಲೇ ಸೋರಿಹೋಗುತ್ತದೆ.

ಆರ್53ರಲ್ಲಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಎಂಜಿನ್ನಿನ ನೆತ್ತಿಯ ಮೇಲೇ ಕೂತಿದೆ. ಬಾನೆಟ್ಟಿನ ಕಿಂಡಿಯಿಂದ ಬರುವ ಗಾಳಿಯೇ ಅದಕ್ಕೆ ಆಧಾರ. ಕಾರು ಓಡುತ್ತಿದ್ದರೆ ಸರಿ, ಸಿಗ್ನಲ್ಲಿನಲ್ಲಿ ನಿಂತರೆ ಅದು ಕೆಳಗಿನ ಎಂಜಿನ್ನಿನ ಶಾಖವನ್ನೇ ಹೀರಿಕೊಳ್ಳುತ್ತದೆ. ಈ ಕಾರಣಕ್ಕೇ ಅನುಭವಿ ಮೆಕ್ಯಾನಿಕ್‌ಗಳು ದಿನಬಳಕೆಯ ಕಾರಿಗೆ ಶೇ. 15ರ ಪುಲ್ಲಿಯನ್ನು ಒಪ್ಪುತ್ತಾರೆ. ಶೇ. 17ಕ್ಕೆ ದೊಡ್ಡ ಇಂಟರ್‌ಕೂಲರ್ ಇರಲಿ ಎನ್ನುತ್ತಾರೆ. ಶೇ. 19ನ್ನು ರೇಸ್ ಟ್ರ್ಯಾಕಿನವರಿಗೆ ಬಿಡುತ್ತಾರೆ. ಈ ಲೇಖನದ ಅಭಿಪ್ರಾಯವೂ ಅದೇ. ಎಂ45ರಂಥ ಪುಟ್ಟ ಯಂತ್ರದಿಂದ ಶೇ. 15ರ ಆಚೆಗೆ ಹಿಂಡಿದರೆ ಬರುವುದು ಶಕ್ತಿಗಿಂತ ಶಾಖವೇ ಹೆಚ್ಚು.

ಎಂಜಿನ್ ಎಷ್ಟು ತಡೆದೀತು ಎಂಬುದು ಬೇರೆ ಪ್ರಶ್ನೆ. 2003–04ರ ಫೋರ್ಡ್ ಮಸ್ಟಾಂಗ್ ಕೋಬ್ರಾದಲ್ಲಿ ಎರಕದ ಕಬ್ಬಿಣದ ಬ್ಲಾಕ್, ಫೋರ್ಜ್ ಮಾಡಿದ ಪಿಸ್ಟನ್ನು, ಗಟ್ಟಿ ಕನೆಕ್ಟಿಂಗ್ ರಾಡ್ ಇದ್ದವು. 390 ಅಶ್ವಶಕ್ತಿಗೆ ಬೇಕಾದುದಕ್ಕಿಂತ ಬಲವಾಗಿ ಅದನ್ನು ಕಟ್ಟಿದ್ದರು. ಹಾಗಾಗಿ ಅದರ 3.65 ಅಂಗುಲದ ಪುಲ್ಲಿ ತೆಗೆದು 2.93 ಅಂಗುಲದ್ದು ಹಾಕಿದವರು ದಕ್ಕಿಸಿಕೊಂಡರು. ಎಲ್ಲ ಎಂಜಿನ್ನಿಗೂ ಆ ಭಾಗ್ಯವಿಲ್ಲ.

ಬೆಲ್ಟ್ ಮತ್ತು ಕೆಳಗಿನ ಪುಲ್ಲಿ

ಪುಲ್ಲಿ ಚಿಕ್ಕದಾದಾಗ ಬೆಲ್ಟ್ ಅದನ್ನು ತಬ್ಬುವ ಉದ್ದವೂ ಕಡಿಮೆಯಾಗುತ್ತದೆ, ಹಿಡಿತ ತಪ್ಪುತ್ತದೆ. ಆರ್53ಗೆ ಆರು ಗೀರಿನ ಬೆಲ್ಟ್. ಹೊಸ ಪುಲ್ಲಿಯ ಜೊತೆ ಹಳೆಯದಕ್ಕಿಂತ ತುಸು ಗಿಡ್ಡದಾದ ಬೆಲ್ಟ್ ಹಾಕದಿದ್ದರೆ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ತನ್ನ ಮಿತಿಯವರೆಗೆ ಚಾಚಿಕೊಂಡು ಬಿಗಿ ಕಳೆದುಕೊಳ್ಳುತ್ತದೆ. ಬೂಸ್ಟ್ ಚೆನ್ನಾಗಿ ಏರಿ, ಎಂಜಿನ್ ವೇಗ ಹೆಚ್ಚಿದಂತೆ ಇಳಿಯತೊಡಗಿದರೆ ಬೆಲ್ಟ್ ಜಾರುತ್ತಿರುವ ಸಾಧ್ಯತೆಯೇ ಹೆಚ್ಚು. ಪುಲ್ಲಿಯ ಸುತ್ತ ಕಪ್ಪು ರಬ್ಬರ್ ಪುಡಿ ಕಂಡರಂತೂ ಅನುಮಾನವೇ ಬೇಡ.

ಮೇಲಿನದನ್ನು ಚಿಕ್ಕದು ಮಾಡುವ ಬದಲು ಕ್ರ್ಯಾಂಕ್ ಪುಲ್ಲಿಯನ್ನು ದೊಡ್ಡದು ಮಾಡಿದರೂ ಫಲ ಒಂದೇ, ಬೆಲ್ಟಿನ ಹಿಡಿತಕ್ಕೆ ಅದು ಇನ್ನೂ ಒಳ್ಳೆಯದು. ತೊಂದರೆಯೆಂದರೆ ಅದೇ ಬೆಲ್ಟಿನಿಂದ ನಡೆಯುವ ಆಲ್ಟರ್ನೇಟರ್, ಏಸಿ ಕಂಪ್ರೆಸರ್‌ಗಳೂ ಜೋರಾಗಿ ತಿರುಗುತ್ತವೆ. ಅಲ್ಲದೆ ಮೂಲ ಕ್ರ್ಯಾಂಕ್ ಪುಲ್ಲಿಯೊಳಗೆ ಎಂಜಿನ್ನಿನ ತಿರುಚುವ ಕಂಪನವನ್ನು ನುಂಗುವ ರಬ್ಬರ್ ಪದರ ಇರುತ್ತದೆ. ಹಗುರ ಎಂದು ಮಾರುವ ಗಟ್ಟಿ ಅಲ್ಯೂಮಿನಿಯಂ ಪುಲ್ಲಿಗಳಲ್ಲಿ ಅದಿಲ್ಲ. ಅಂಥದ್ದನ್ನು ಹಾಕದಿರುವುದೇ ಲೇಸು.

ಜೋಡಣೆ

ಆರ್53ರ ಪುಲ್ಲಿ ಬೋಲ್ಟಿನಿಂದ ಕೂತಿಲ್ಲ, ಶಾಫ್ಟಿಗೆ ಒತ್ತಿ ಕೂರಿಸಿದ್ದು. ಆದ್ದರಿಂದ ಕೆಲಸದ ಅರ್ಧ ಭಾಗ ಅದನ್ನು ಎಳೆದು ಕೀಳುವ ಸರಿಯಾದ ಸಲಕರಣೆ (ಪುಲ್ಲರ್) ಹೊಂದಿಸುವುದೇ. ಎಂಜಿನ್ ಪೂರ್ತಿ ತಣಿದ ಮೇಲೆ ಬೆಲ್ಟಿರುವ ಕಡೆಯ ಮುಂಗಾಲಿ, ಅದರ ಒಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಬೇಕು. ಟೆನ್ಷನರನ್ನು ವಿಶೇಷ ಸಲಕರಣೆಯಿಂದ ಒತ್ತಿ, ಅದಕ್ಕೆಂದೇ ಇರುವ ತೂತಿನಲ್ಲಿ ಪಿನ್ನು ತೂರಿಸಿ, ಬೆಲ್ಟ್ ಕಳಚಬೇಕು. ಆದರೂ ಪುಲ್ಲರ್ ಒಳಗೆ ಹೋಗಲು ಜಾಗ ಸಾಲದು. ಅದಕ್ಕಾಗಿ ಎಣ್ಣೆತೊಟ್ಟಿಯ ಕೆಳಗೆ ಮರದ ತುಂಡಿಟ್ಟು ಜ್ಯಾಕ್ ಕೊಟ್ಟು, ಆ ಬದಿಯ ಎಂಜಿನ್ ಮೌಂಟಿಂಗ್ ಸಡಿಲಿಸಿ, ಎಂಜಿನನ್ನು ಸ್ವಲ್ಪ ಸರಿಸುತ್ತಾರೆ. ಕೆಲವರು ಬಂಪರ್ ತೆಗೆದು ರೇಡಿಯೇಟರ್ ಚೌಕಟ್ಟನ್ನೇ ಮುಂದಕ್ಕೆ ಸರಿಸುವುದುಂಟು.

ಹಳೆಯ ಪುಲ್ಲಿ ಕೀಳುವ ಮುನ್ನ ಅದರ ಮುಖದಿಂದ ಸೂಪರ್‌ಚಾರ್ಜರಿನ ಮೂಗಿನವರೆಗಿನ (ಶಾಫ್ಟ್ ಹೊರಬರುವ ಮುಂತುದಿ) ಅಂತರವನ್ನು ವರ್ನಿಯರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಬೇಕು. ಹೊಸದು ಅಷ್ಟೇ ಆಳಕ್ಕೆ ಕೂರಬೇಕು. ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಬೆಲ್ಟ್ ಓರೆಯಾಗಿ ಓಡಿ ಅಂಚು ಸವೆಯುತ್ತದೆ. ಪುಲ್ಲರಿನ ಹಲ್ಲುಗಳು ಪುಲ್ಲಿಯ ಹಿಂಬದಿಯನ್ನು ಸಮವಾಗಿ ಹಿಡಿದಿವೆಯೇ ಎಂದು ಬೆರಳಾಡಿಸಿ ನೋಡಿ, ನಿಧಾನವಾಗಿ ತಿರುಪು ಬಿಗಿಯುತ್ತ ಹೋದರೆ ಟಕ್ಕೆಂದು ಮೊದಲ ಸಡಿಲಿಕೆ ಕೊಡುತ್ತದೆ, ಆಮೇಲೆ ಸಲೀಸು. ಸುತ್ತಿಗೆ ಮುಟ್ಟಲೇಬಾರದು. ಒಳಗಿನ ರೋಟರ್‌ಗಳು ಒಂದಕ್ಕೊಂದು ತಾಗದಂತೆ, ಆದರೆ ಕೂದಲೆಳೆಯಷ್ಟು ಅಂತರದಲ್ಲಿ ತಿರುಗುತ್ತವೆ. ಮೂಗಿನ ಮೇಲೆ ಬಿದ್ದ ಏಟು ಬೇರಿಂಗ್, ಹಲ್ಲುಚಕ್ರಗಳನ್ನು ದಾಟಿ ಅಲ್ಲಿಗೂ ಮುಟ್ಟುತ್ತದೆ. ಹೊಸ ಪುಲ್ಲಿಯನ್ನೂ ಒತ್ತುವ ಸಲಕರಣೆಯಿಂದಲೇ ಕೂರಿಸಬೇಕು. ಹದವಾಗಿ ಬಿಸಿ ಮಾಡಿದರೆ ಅದು ಹಿಗ್ಗಿ ಸುಲಭವಾಗಿ ಒಳಸರಿಯುತ್ತದೆ. ಎರಡು ತುಂಡಿನ ಬಗೆಯೂ ಇದೆ. ಅದರಲ್ಲಿ ನಡುಭಾಗವನ್ನು ಒಮ್ಮೆ ಒತ್ತಿ ಕೂರಿಸಿದರೆ ಮುಂದೆ ಹೊರಬಳೆಯನ್ನಷ್ಟೇ ಬಿಚ್ಚಿ ಅಳತೆ ಬದಲಿಸಬಹುದು.

ಇಷ್ಟೆಲ್ಲ ಬಿಚ್ಚಿದ ಮೇಲೆ ನೋಡಲೇಬೇಕಾದ ಇನ್ನೊಂದು ಜಾಗ ಸೂಪರ್‌ಚಾರ್ಜರಿನ ಹಿಂತುದಿ. ಆರ್53ರಲ್ಲಿ ನೀರಿನ ಪಂಪು ಬೆಲ್ಟಿನಿಂದ ನೇರವಾಗಿ ನಡೆಯುವುದಿಲ್ಲ, ಸೂಪರ್‌ಚಾರ್ಜರಿನ ಹಿಂದಿರುವ ಹಲ್ಲುಚಕ್ರಗಳಿಂದ ನಡೆಯುತ್ತದೆ. ಅಲ್ಲಿರುವ ಎಣ್ಣೆ ಸ್ವಲ್ಪವೇ. ವರ್ಷಗಳು ಕಳೆದಂತೆ ಅದು ಒಣಗಿ ಹಲ್ಲುಗಳು ಸವೆದರೆ ನೀರಿನ ಪಂಪು ನಿಲ್ಲುತ್ತದೆ, ಎಂಜಿನ್ ಕುದಿಯುತ್ತದೆ. ಚಿಕ್ಕ ಪುಲ್ಲಿ ಈ ಚಕ್ರಗಳನ್ನೂ ಜೋರಾಗಿ ತಿರುಗಿಸುತ್ತದೆ. ಹಳೆಯ ಕಾರಿಗೆ ಎಣ್ಣೆ ಬದಲಿಸದೆ ಪುಲ್ಲಿ ಹಾಕುವುದು ಬುದ್ಧಿವಂತಿಕೆಯಲ್ಲ.

ಟ್ಯೂನಿಂಗ್ ಮತ್ತು ಪೆಟ್ರೋಲ್

ಚಿಕ್ಕ ಪುಲ್ಲಿಯ ಜೊತೆಗೆ ಒಂದು ದರ್ಜೆ ತಂಪಿನ ಸ್ಪಾರ್ಕ್ ಪ್ಲಗ್ ಹಾಕುವುದು ರೂಢಿ. ಎನ್‌ಜಿಕೆ ಪ್ಲಗ್‌ಗಳಲ್ಲಿ ಅಂಕಿ ಹೆಚ್ಚಾದಷ್ಟೂ ಪ್ಲಗ್ ತಂಪು. ಆರ್53ರ ಕಂಪ್ಯೂಟರ್ ಒಳದಾರಿಯ ಒತ್ತಡವನ್ನೇ ಅಳೆದು ಪೆಟ್ರೋಲ್ ಕೊಡುವುದರಿಂದ ಶೇ. 15ರವರೆಗೆ ಹೇಗೋ ಸಂಭಾಳಿಸುತ್ತದೆ. ಹಾಗೆಂದು ಟ್ಯೂನಿಂಗ್ ಬೇಡ ಎನ್ನಲಾಗದು. ಪೂರ್ಣ ಆಕ್ಸಿಲರೇಟರಿನಲ್ಲಿ ಗಾಳಿ–ಪೆಟ್ರೋಲ್ ಅನುಪಾತ 12ರ ಸುತ್ತಮುತ್ತ ಇದೆಯೇ, ಕಿಡಿ ಎಷ್ಟು ಹಿಂದೆ ಸರಿಯುತ್ತಿದೆ ಎಂದು ದಾಖಲಿಸಿ ನೋಡಿದ ಮೇಲೆ ಮಾತ್ರ ಕೆಲಸ ಮುಗಿದಂತೆ.

ಅಮೆರಿಕದಲ್ಲಿ ತಯಾರಾದ ಟ್ಯೂನಿಂಗ್ ಫೈಲನ್ನು ಇಲ್ಲಿ ಬಳಸುವವರು ಒಂದು ವ್ಯತ್ಯಾಸ ನೆನಪಿಡಬೇಕು. ಅಲ್ಲಿನ ಬಂಕಿನ ಮೇಲಿನ ಆಕ್ಟೇನ್ ಅಂಕಿ ಎರಡು ವಿಧದ ಪರೀಕ್ಷೆಗಳ ಸರಾಸರಿ. ಭಾರತದಲ್ಲಿ ಹೇಳುವುದು ರಿಸರ್ಚ್ ಆಕ್ಟೇನ್. ಅಲ್ಲಿನ 93 ಇಲ್ಲಿನ ಸುಮಾರು 98ಕ್ಕೆ ಸಮ. ನಮ್ಮ ಸಾಮಾನ್ಯ ಪೆಟ್ರೋಲ್ ಬಹಳ ವರ್ಷ 91 ಆಗಿತ್ತು. ಅಂಕಿಗಳು ಹತ್ತಿರ ಕಂಡವೆಂದು ಆ ಫೈಲಿನಲ್ಲಿ 91 ಹಾಕಿ ಓಡಿಸಿದರೆ ನಾಕಿಂಗ್ ತಪ್ಪಿದ್ದಲ್ಲ.

ಕಾನೂನು ಮತ್ತು ಖರೀದಿ

ಕ್ಯಾಲಿಫೋರ್ನಿಯಾದಲ್ಲಿ ಇಂಥ ಬಿಡಿಭಾಗಗಳಿಗೆ ರಾಜ್ಯದ ವಾಯು ಮಂಡಳಿಯ ಅನುಮೋದನೆ ಸಂಖ್ಯೆ ಬೇಕು. ಭಾರತದ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. ಕಾರು ವಾರಂಟಿಯಲ್ಲಿದ್ದರೆ ಪುಲ್ಲಿ ಬದಲಿಸಿದ ಮೇಲೆ ಅದನ್ನು ಮರೆಯುವುದೇ ಒಳ್ಳೆಯದು.

ಆರ್53ರ ನಂತರದ ಕೂಪರ್ ಎಸ್ ಟರ್ಬೊಗೆ ಬದಲಾದ್ದರಿಂದ ಮಿನಿಯಲ್ಲಿ ಈ ಕೆಲಸ ಈಗ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಕಾರುಗಳಿಗೆ ಸೀಮಿತ. ವಿದೇಶದಲ್ಲಿರುವ ಕನ್ನಡಿಗರು ಅಂಥ ಕಾರು ಕೊಳ್ಳುವಾಗ ಮೂಲ ಪುಲ್ಲಿಯೇ ಇದೆಯೇ, ಬೆಲ್ಟಿನ ಮೇಲಿನ ಅಳತೆ ಕಂಪನಿಯದ್ದೇ ಎಂದು ಮೊದಲು ನೋಡಬೇಕು. ಹಿಂದಿನ ಮಾಲೀಕರು ಚಿಕ್ಕ ಪುಲ್ಲಿ ಹಾಕಿದ್ದರೆ ಟ್ಯೂನಿಂಗ್ ದಾಖಲೆ, ಸೂಪರ್‌ಚಾರ್ಜರ್ ಎಣ್ಣೆ ಬದಲಿಸಿದ ರಸೀದಿ ಕೇಳಿ. ಎರಡೂ ಇಲ್ಲವೆಂದರೆ ಸೂಪರ್‌ಚಾರ್ಜರ್ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆದುಕೊಂಡೇ ಮಾತುಕತೆಗೆ ಕೂರಿ.